ಕೊಂಡಿ ಕಳಚುವುದು ಜಪ್ತಿಯಲ್ಲಿ

ಮಾನ್ಯರೇ,

ಕಣ್ಣಾರೆ ಕಂಡ ಸಾಕ್ಷಿಯಿಲ್ಲದ ಕೊಲೆ ಪ್ರಕರಣದಲ್ಲಿ ಆರೋಪಿ ಖುಲಾಸೆಯಾದರೆ ಜನ ನ್ಯಾಯಾಲಯವನ್ನೇ ದೂರುತ್ತಾರೆ. ಸಾಂದರ್ಭಿಕ ಸಾಕ್ಷ್ಯವಷ್ಟೇ (ಸುತ್ತಲಿನ ಸಂಗತಿಗಳಿಂದ ತಪ್ಪನ್ನು ತೋರಿಸುವ ಸಾಕ್ಷ್ಯ) ಇದ್ದಾಗಲೂ ಶಿಕ್ಷೆ ಆಗುತ್ತದೆ. ಆದರೆ 1984ರ ಶರದ್ ಸಾರ್ಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಪ್ರತಿ ಸಂಗತಿಯೂ ಪೂರ್ತಿ ಸಾಬೀತಾಗಬೇಕು, ಎಲ್ಲವೂ ಸರಪಳಿಯ ಕೊಂಡಿಗಳಂತೆ ಸೇರಿ ಆರೋಪಿ ನಿರ್ದೋಷಿ ಎನ್ನಲು ಸಕಾರಣವೇ ಉಳಿಯಬಾರದು. ಅನುಮಾನ ಎಷ್ಟೇ ಬಲವಾಗಿದ್ದರೂ ಪುರಾವೆಯಾಗದು.

ಈ ಸರಪಳಿ ಬಹಳ ಸಲ ತುಂಡಾಗುವುದು ಜಪ್ತಿಯಲ್ಲಿ. ‘ಕೊಂದ ಮಚ್ಚನ್ನು ಪೊದೆಯಲ್ಲಿ ಬಚ್ಚಿಟ್ಟಿದ್ದೇನೆ’ ಎಂದು ಆರೋಪಿ ಠಾಣೆಯಲ್ಲಿ ಹೇಳಿ, ಮಚ್ಚು ಸಿಕ್ಕರೆ, ‘ಪೊದೆಯಲ್ಲಿ ಬಚ್ಚಿಟ್ಟಿದ್ದೇನೆ’ ಎಂಬ ಭಾಗವಷ್ಟೇ ಸಾಕ್ಷ್ಯ, ‘ಕೊಂದ’ ಎಂಬುದಲ್ಲ. ಆ ಪೊದೆ ಎಲ್ಲರೂ ಓಡಾಡುವ ಜಾಗದಲ್ಲಿದ್ದರೆ, ಜಪ್ತಿಗೆ ಸಾಕ್ಷಿಯಾಗಬೇಕಾದ ಪಂಚರು ಠಾಣೆಯಲ್ಲೇ ಕುಳಿತು ಮಹಜರಿಗೆ (ಜಪ್ತಿಯ ದಾಖಲೆಗೆ) ಸಹಿ ಹಾಕಿದ್ದರೆ, ಮಚ್ಚು ಮೊಹರಿಲ್ಲದೆ ಪ್ರಯೋಗಾಲಯಕ್ಕೆ ಹೋಗಿದ್ದರೆ, ಅದರ ಮೇಲಿನ ರಕ್ತದ ಗುಂಪು ಮೃತರ ಗುಂಪಿಗೆ ಹೊಂದಿದರೂ ವರದಿಗೆ ತೂಕವಿರುವುದಿಲ್ಲ. ಆರೋಪಿ ಮತ್ತು ಮೃತರು ಕೊನೆಯ ಸಲ ಜೊತೆಗೆ ಕಂಡಿದ್ದರು ಎಂಬ ಸಾಕ್ಷ್ಯವೂ ಅಷ್ಟೆ, ಕಂಡ ಸಮಯ ಸಾವಿನ ಹೊತ್ತಿಗೆ ಹತ್ತಿರವಿದ್ದರೆ ಮಾತ್ರ ಬೆಲೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ, ಅಪರಾಧ ತನಿಖೆ ಮತ್ತು ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧ, ಜಪ್ತಿಗಳ ಚಿತ್ರೀಕರಣವನ್ನು ಕಡ್ಡಾಯ ಮಾಡಿದೆ. ಗೃಹ ಇಲಾಖೆ ಪ್ರತಿ ಠಾಣೆಯಲ್ಲೂ ಇದನ್ನು ಚಾಚೂತಪ್ಪದೆ ಪಾಲಿಸುವಂತೆ ನೋಡಿಕೊಳ್ಳಲಿ.