ನನ್ನ ಬಳಕೆಯ ದಾಖಲೆ, ಅಂದರೆ ಲಾಗ್, ಇಡುವುದಿಲ್ಲ ಎಂದಿರಿ, ಹಾಗಾದರೆ 9:42 ನಿಮಗೆ ಹೇಗೆ ಗೊತ್ತು?

ಇಂದ:
ನಿಮ್ಮ ಎರಡು ವರ್ಷದ ಪ್ಲಾನಿನ ಗ್ರಾಹಕಿ
ದಾವಣಗೆರೆ

ಗೆ:
ದೂರು ಅಧಿಕಾರಿಗಳು
ಗ್ರಾಹಕ ಸೇವಾ ವಿಭಾಗ

ವಿಷಯ: ಸುಳ್ಳು ಭರವಸೆ ಕೊಟ್ಟು ಮಾರಿದ ವಿಪಿಎನ್ ಪ್ಲಾನಿನ ಹಣ ವಾಪಸ್ ಕೊಡುವುದು ಮತ್ತು ನನ್ನ ಮಾಹಿತಿ ಅಳಿಸುವುದು

ಮಾನ್ಯರೇ,

ಈ ವಿಷಯವನ್ನು ನಿಮ್ಮ ಚಾಟ್‌ನಲ್ಲಿ ಹೇಳಿ ಹೇಳಿ ಸಾಕಾಗಿದೆ. ಪ್ರತಿ ಸಲ ಹೊಸಬರು ಬರುತ್ತಾರೆ. "ನಿಮ್ಮ ತೊಂದರೆ ಅರ್ಥವಾಯಿತು" ಎನ್ನುತ್ತಾರೆ. ಆಮೇಲೆ ಮತ್ತೆ ಮೊದಲಿಂದ ಕತೆ ಶುರು. ಅದಕ್ಕೇ ಈಗ ಎಲ್ಲವನ್ನೂ ಒಂದೇ ಕಡೆ ಬರೆದು ಕಳಿಸುತ್ತಿದ್ದೇನೆ.

ನಾನು ಲೆಕ್ಕಪತ್ರ, ಆಡಿಟ್, ಜಿಎಸ್‌ಟಿ ರಿಟರ್ನ್ ಕೆಲಸ ಮಾಡುವವಳು. ಹುಬ್ಬಳ್ಳಿ, ಬೆಂಗಳೂರು ಅಂತ ಓಡಾಟ ಇದ್ದೇ ಇರುತ್ತದೆ. ಲಾಡ್ಜ್ ವೈಫೈ ಆಗಲಿ, ಸ್ಟೇಷನ್ ವೈಫೈ ಆಗಲಿ, ಸಿಕ್ಕಿದ್ದರಲ್ಲಿ ಕೆಲಸ ಮುಗಿಸಬೇಕು. ನಾನು ಯಾವ ಬ್ಯಾಂಕಿನ ಸೈಟ್, ಯಾವ ಗಿರಾಕಿಯ ಸರ್ವರ್ ತೆರೆದೆ ಎನ್ನುವುದು ಲಾಡ್ಜ್‌ನವರಿಗೆ ಯಾಕೆ ಗೊತ್ತಾಗಬೇಕು, ಅಲ್ವಾ? ನನ್ನ ಇಂಟರ್ನೆಟ್ ಬಳಕೆಯನ್ನು ಬೇರೆಯವರಿಗೆ ಕಾಣದಂತೆ ಮುಚ್ಚಿ ನಿಮ್ಮ ಸರ್ವರ್ ಮೂಲಕ ಕಳಿಸುವ ವಿಪಿಎನ್ ನನಗೆ ಬೇಕಾದದ್ದು ಇಷ್ಟಕ್ಕೇ. ನಿಮ್ಮ ಜಾಹೀರಾತಿನಲ್ಲಿ ಮುಖವಾಡ ಹಾಕಿದ ಕಳ್ಳ ಬ್ಯಾಂಕ್ ಪಾಸ್‌ವರ್ಡ್ ಕದಿಯುತ್ತಾನಲ್ಲ, ಆ ಭಯಕ್ಕೆ ಕೊಂಡದ್ದಲ್ಲ. ಬ್ಯಾಂಕ್ ಸೈಟ್‌ಗಳೆಲ್ಲ ಟೈಪ್ ಮಾಡಿದ್ದನ್ನು ಗುಪ್ತವಾಗಿ ಕಳಿಸುವ ಎಚ್‌ಟಿಟಿಪಿಎಸ್‌ಗೆ ಬಂದು ವರ್ಷಗಳಾದವು. ವೈಫೈ ಇಟ್ಟವನಿಗೆ ಯಾವ ಸೈಟ್ ಅಂತ ತಿಳಿಯಬಹುದೇ ಹೊರತು ಒಳಗೆ ಟೈಪ್ ಮಾಡಿದ ಪಾಸ್‌ವರ್ಡ್ ಕಾಣುವುದಿಲ್ಲ. ಸುಮ್ನೆ ಜನರನ್ನು ಹೆದರಿಸುವ ಆ ಜಾಹೀರಾತನ್ನೂ ತೆಗೆಯಿರಿ.

ಈಗ ಮುಖ್ಯ ವಿಷಯ. 20ನೇ ತಾರೀಖು ಪ್ರತಿ ತಿಂಗಳ ಜಿಎಸ್‌ಟಿ 3ಬಿ ರಿಟರ್ನ್‌ನ ಕೊನೆಯ ದಿನ. ಅವತ್ತು ಪೋರ್ಟಲ್ ಎಷ್ಟು ನಿಧಾನ ಇರುತ್ತದೆ ಅಂತ ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಆ ರಾತ್ರಿ ಲಾಡ್ಜ್‌ನಲ್ಲಿ ಕೂತು ಫೈಲ್ ಮಾಡುವಾಗ ನಿಮ್ಮ ವಿಪಿಎನ್ ಪದೇ ಪದೇ ಕಡಿಯಿತು. ಕಡಿದಾಗೆಲ್ಲ ಲ್ಯಾಪ್‌ಟಾಪ್ ಸದ್ದಿಲ್ಲದೆ ಲಾಡ್ಜ್ ವೈಫೈಗೇ ವಾಪಸ್ ಹೋಗುತ್ತಿತ್ತು. ಸಂಪರ್ಕ ಕಡಿದರೆ ಇಂಟರ್ನೆಟ್ಟನ್ನೇ ನಿಲ್ಲಿಸುವ ಕಿಲ್ ಸ್ವಿಚ್ ನಿಮ್ಮಲ್ಲಿದೆ, ಆದರೆ ಆ್ಯಪ್ ಹಾಕಿದಾಗ ಅದು ಆಫ್ ಆಗಿಯೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಮೂರು ಪುಟ ಒಳಗೆ ಹೋಗಿ ಆನ್ ಮಾಡಬೇಕು. ಗೌಪ್ಯತೆಯನ್ನೇ ಮಾರುವವರು ಇದನ್ನು ಆಫ್ ಮಾಡಿ ಕೊಡುವುದು ಯಾಕೋ ನನಗೆ ತಿಳಿಯದು.

ಮರುದಿನ ಚಾಟ್‌ನಲ್ಲಿ ದೂರು ಕೊಟ್ಟೆ. "ಸಂಪರ್ಕ ಪದೇ ಪದೇ ಕಡಿಯುತ್ತಿದೆ" ಎಂದಷ್ಟೇ ಬರೆದೆ. ಊರು ಹೇಳಿರಲಿಲ್ಲ, ಹೊತ್ತು ಹೇಳಿರಲಿಲ್ಲ. ನಿಮ್ಮವರು ಕೊಟ್ಟ ಉತ್ತರ ಇದು: "ನಿನ್ನೆ ರಾತ್ರಿ 9:42ಕ್ಕೆ ಹುಬ್ಬಳ್ಳಿಯಿಂದ ಮುಂಬೈ ಸರ್ವರ್‌ಗೆ ಲ್ಯಾಪ್‌ಟಾಪ್‌ನಲ್ಲಿ ಕನೆಕ್ಟ್ ಆಗಿದ್ದೀರಿ, 11 ನಿಮಿಷಕ್ಕೆ ಕಡಿದಿದೆ, ಆ ವೈಫೈ ಬದಲಾಯಿಸಿ ನೋಡಿ." ಸ್ಕ್ರೀನ್‌ಶಾಟ್ ಇಟ್ಟಿದ್ದೇನೆ.

ನಿಮ್ಮ ವೆಬ್‌ಸೈಟ್‌ನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇರುವುದೇನು? "ಯಾವ ಲಾಗ್ ಕೂಡ ಇಡುವುದಿಲ್ಲ." ಹಾಗಾದರೆ ನಾನು ಯಾವ ಊರಿನಿಂದ, ಎಷ್ಟು ಹೊತ್ತಿಗೆ, ಯಾವ ಸಾಧನದಿಂದ ಬಂದೆ ಎಂಬುದು ನಿಮ್ಮ ಚಾಟ್ ಹುಡುಗನ ಪರದೆ ಮೇಲೆ ಹೇಗೆ ಬಂತು? ಇದನ್ನು ಕೇಳಿದ್ದಕ್ಕೆ ಸಿಕ್ಕ ಉತ್ತರ ಇನ್ನೂ ಚೆಂದ. "ಅದು ಕನೆಕ್ಷನ್ ಲಾಗ್ ಮಾತ್ರ, ನೀವು ಏನು ನೋಡಿದಿರಿ ಎಂಬ ಲಾಗ್ ಅಲ್ಲ." ಮೊದಲ ಪುಟದಲ್ಲಿ "ಯಾವ ಲಾಗ್ ಕೂಡ" ಅಂತಿದೆ ಸ್ವಾಮಿ. "ಮಾತ್ರ" ಎನ್ನುವ ಪದ ಅಲ್ಲಿ ಎಲ್ಲೂ ಇಲ್ಲ.

ಕನೆಕ್ಷನ್ ಲಾಗ್ ಸಣ್ಣ ವಿಷಯ ಎಂದು ನಿಮ್ಮವರು ಹೇಳಿದರು. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಪ್ರಕರಣ ನೋಡಿ. ಲಾಗ್ ಇಡುವುದಿಲ್ಲ ಎನ್ನುತ್ತಿದ್ದ ಪ್ಯೂರ್‌ವಿಪಿಎನ್ ಎಫ್‌ಬಿಐಗೆ ಕೊಟ್ಟದ್ದು ಇಂಥದ್ದೇ ಮಾಹಿತಿ. ಒಬ್ಬನೇ ಗ್ರಾಹಕ ಎರಡು ಐಪಿ ವಿಳಾಸಗಳಿಂದ (ಅಂದರೆ ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆಗಳಿಂದ) ಬಂದಿದ್ದಾನೆ, ಒಂದು ಅವನ ಮನೆಯದು, ಇನ್ನೊಂದು ಕೆಲಸದ ಜಾಗದ್ದು. ಅವನು ಯಾರೆಂದು ತಿಳಿಯಲು ಇದು ಸಾಕಿತ್ತು. ಅವನು ಒಬ್ಬ ಯುವತಿಗೆ ಆನ್‌ಲೈನ್‌ನಲ್ಲಿ ಕಾಟ ಕೊಟ್ಟವನು, ಸಿಕ್ಕಿಬೀಳಬೇಕಾದವನೇ. ಪೊಲೀಸರಿಗೆ ಸಹಕರಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಇಡುತ್ತೀರಿ ಎಂದಾದರೆ ಇಡುತ್ತೇವೆ ಎಂದು ಹೇಳಿ ಮಾರಿ. 2023ರ ಏಪ್ರಿಲ್‌ನಲ್ಲಿ ಸ್ವೀಡನ್ ಪೊಲೀಸರು ಮುಲ್‌ವಾಡ್ ಎಂಬ ವಿಪಿಎನ್ ಕಂಪನಿಯ ಆಫೀಸಿಗೆ ಸರ್ಚ್ ವಾರಂಟ್ ಹಿಡಿದು ಹೋಗಿ, ಗ್ರಾಹಕರ ಮಾಹಿತಿ ಇಲ್ಲದೆ ಬರಿಗೈಯಲ್ಲಿ ವಾಪಸ್ ಬಂದರು. ಕೊಡಲು ಅಲ್ಲಿ ಏನೂ ಇರಲಿಲ್ಲ. ಅವರು ಖಾತೆ ತೆರೆಯಲು ಇಮೇಲ್ ಕೂಡ ಕೇಳುವುದಿಲ್ಲ, ಒಂದು ನಂಬರ್ ಕೊಡುತ್ತಾರೆ ಅಷ್ಟೆ. ನೀವು ನನ್ನ ಹೆಸರು, ಇಮೇಲ್, ಫೋನ್ ನಂಬರ್ ಮೂರೂ ತೆಗೆದುಕೊಂಡಿರಿ.

ಇನ್ನು ಆ ಮುಂಬೈ ಸರ್ವರ್. ನಮ್ಮ ಸರ್ಕಾರಿ ಪೋರ್ಟಲ್‌ಗಳಲ್ಲಿ ಕೆಲವು ಹೊರದೇಶದ ಐಪಿ ವಿಳಾಸ ಕಂಡರೆ ತೆರೆಯುವುದೇ ಇಲ್ಲ. ಹಾಗಾಗಿ ನನಗೆ ಭಾರತದ ಸರ್ವರ್ ಬೇಕೇ ಬೇಕು. "ಮುಂಬೈನಲ್ಲಿ ನಮ್ಮದೇ ನಿಜವಾದ ಸರ್ವರ್ ಇದೆ, ವರ್ಚುವಲ್ ಅಲ್ಲ" ಎಂದು ಕೊಳ್ಳುವ ಮೊದಲೇ ನಿಮ್ಮವರು ಬರೆದುಕೊಟ್ಟಿದ್ದಾರೆ. ವರ್ಚುವಲ್ ಅಂದರೆ ಯಂತ್ರ ಬೇರೆ ದೇಶದಲ್ಲಿದ್ದು ಐಪಿ ವಿಳಾಸ ಮಾತ್ರ ಭಾರತದ್ದು. ಸರಿ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ನಿಮಗೆ ಗೊತ್ತಿರಲೇಬೇಕು. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್, ಕೊಟ್ಟ ಐಪಿ ವಿಳಾಸ, ಸೇವೆ ಯಾಕೆ ಬೇಕು ಎಂಬ ಕಾರಣ, ಇವೆಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು ಎನ್ನುತ್ತದೆ ಅದು. ಕಂಪನಿಗಳು ತಮ್ಮ ನೌಕರರಿಗೆ ಇಟ್ಟುಕೊಳ್ಳುವ ವಿಪಿಎನ್‌ಗೆ ಇದು ಅನ್ವಯಿಸುವುದಿಲ್ಲ, ನಿಮ್ಮಂಥವರಿಗೆ ಅನ್ವಯಿಸುತ್ತದೆ. ಇದನ್ನು ಪಾಲಿಸಲು ಕೊಟ್ಟ ಗಡುವನ್ನು ಆ ವರ್ಷದ ಸೆಪ್ಟೆಂಬರ್ 25ರವರೆಗೆ ಮುಂದೂಡಿದರು.

ಇದನ್ನು ಒಪ್ಪದ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್, ಪ್ರೋಟಾನ್ ಎಲ್ಲರೂ ಅದೇ ವರ್ಷ ಭಾರತದಲ್ಲಿದ್ದ ತಮ್ಮ ಯಂತ್ರಗಳನ್ನು ತೆಗೆದರು. ಎಕ್ಸ್‌ಪ್ರೆಸ್‌ವಿಪಿಎನ್ ಸಿಂಗಪುರ ಮತ್ತು ಬ್ರಿಟನ್‌ನಲ್ಲಿ ಯಂತ್ರ ಇಟ್ಟು ಭಾರತದ ಐಪಿ ವಿಳಾಸ ಕೊಡಲು ಶುರು ಮಾಡಿತು, ಹಾಗೆಂದು ಎಲ್ಲರಿಗೂ ಹೇಳಿಯೂ ಹೇಳಿತು. ನೀವು ಮಾತ್ರ ಯಂತ್ರ ಮುಂಬೈನಲ್ಲೇ ಇದೆ ಎನ್ನುತ್ತೀರಿ, ಲಾಗ್ ಇಲ್ಲ ಎಂದೂ ಹೇಳುತ್ತೀರಿ. ಇಲ್ಲಿನ ನಿಯಮ ಪಾಲಿಸುತ್ತಿದ್ದರೆ ನಿಮ್ಮ ಹತ್ತಿರ ನನ್ನ ಮಾಹಿತಿ ಇದೆ. ಪಾಲಿಸುತ್ತಿಲ್ಲ ಎಂದಾದರೆ ಅದು ಬೇರೆಯೇ ಕತೆ, ಅದನ್ನು ಕೇಳಲು ನಾನಲ್ಲ, ಬೇರೆಯವರಿದ್ದಾರೆ. ಯಾವುದು ನಿಜ ಎಂದು ಬರೆದು ತಿಳಿಸಿ.

"ಸ್ವತಂತ್ರ ಆಡಿಟ್ ಆಗಿದೆ" ಎಂಬ ಹಸಿರು ಮುದ್ರೆ ಹಾಕಿಕೊಂಡಿದ್ದೀರಲ್ಲ, ಅದರ ಬಗ್ಗೆ ಎರಡು ಮಾತು. ಆಡಿಟ್ ನನ್ನ ಹೊಟ್ಟೆಪಾಡು. ವರದಿ ಕಳಿಸಿ ಎಂದು ಕೇಳಿದೆ. ಬಂದದ್ದು ನಿಮ್ಮದೇ ಸೈಟ್‌ನ ಒಂದು ಲೇಖನದ ಲಿಂಕ್. ಅದರಲ್ಲಿ ಆಡಿಟರ್ ಹೆಸರಿಲ್ಲ. ಯಾವ ತಾರೀಖಿಂದ ಯಾವ ತಾರೀಖಿನವರೆಗೆ ನೋಡಿದರು ಎಂಬುದಿಲ್ಲ. ನೋಡಿದ್ದು ಫೋನ್ ಆ್ಯಪನ್ನೋ, ಸರ್ವರ್‌ಗಳನ್ನೋ, ಸರ್ವರ್ ಆದರೆ ಎಷ್ಟನ್ನು, ಅದೂ ಇಲ್ಲ. ಆ್ಯಪ್‌ನ ಸುರಕ್ಷತೆ ಪರೀಕ್ಷೆ ಮಾಡಿಸಿ "ಲಾಗ್ ಇಲ್ಲ, ಆಡಿಟ್ ಆಗಿದೆ" ಎಂದು ಬರೆದುಕೊಳ್ಳಲು ಬರುವುದಿಲ್ಲ, ಅವೆರಡೂ ಬೇರೆ ಬೇರೆ ಕೆಲಸ. ಸಹಿ, ಅವಧಿ, ವ್ಯಾಪ್ತಿ ಇಲ್ಲದ ಕಾಗದವನ್ನು ನಮ್ಮೂರ ಸಹಕಾರ ಸಂಘ ಕೂಡ ಆಡಿಟ್ ವರದಿ ಎಂದು ತೆಗೆದುಕೊಳ್ಳುವುದಿಲ್ಲ.

ನಿಮ್ಮ ಮಾಲೀಕರು ಯಾರು ಎಂಬ ಪ್ರಶ್ನೆಗೂ ಉತ್ತರ ಬಂದಿಲ್ಲ. ಇದು ಕುತೂಹಲಕ್ಕೆ ಕೇಳಿದ್ದಲ್ಲ. 2021ರಲ್ಲಿ ಕೇಪ್ ಟೆಕ್ನಾಲಜೀಸ್ ಎಂಬ ಒಂದೇ ಕಂಪನಿ ಎಕ್ಸ್‌ಪ್ರೆಸ್‌ವಿಪಿಎನ್ ಅನ್ನೂ ಕೊಂಡಿತು, ವಿಪಿಎನ್‌ಗಳಿಗೆ ಅಂಕ ಕೊಡುವ ವಿಪಿಎನ್‌ಮೆಂಟರ್ ಸೈಟನ್ನೂ ಕೊಂಡಿತು. ಆ ಮೇಲೆ "ನಂಬರ್ ಒನ್" ಪಟ್ಟಿಗಳನ್ನು ನಾನು ಓದುವ ರೀತಿಯೇ ಬದಲಾಗಿದೆ. ನಿಮ್ಮನ್ನು ಮೊದಲ ಸ್ಥಾನದಲ್ಲಿಟ್ಟ ಪಟ್ಟಿಯ ಹಿಂದೆ ಯಾರಿದ್ದಾರೆ? ವಿಪಿಎನ್ ಹಾಕಿಕೊಂಡರೆ ನಾನು ಹೋಗುವ ಸೈಟ್‌ಗಳು ಇಂಟರ್ನೆಟ್ ಕಂಪನಿಗೆ ಕಾಣುವುದು ನಿಲ್ಲುತ್ತದೆ, ಅದೆಲ್ಲ ನಿಮಗೆ ಕಾಣಲು ಶುರುವಾಗುತ್ತದೆ. ಇಂಟರ್ನೆಟ್ ಕಂಪನಿಯವರ ಆಫೀಸ್ ಎಲ್ಲಿದೆ ಅಂತಾದರೂ ನನಗೆ ಗೊತ್ತು. ನಿಮ್ಮದು ಒಂದು ದ್ವೀಪದ ಅಂಚೆ ಪೆಟ್ಟಿಗೆ ನಂಬರ್.

ದುಡ್ಡಿನ ಲೆಕ್ಕಕ್ಕೆ ಬರೋಣ. ತಿಂಗಳಿಗೆ 199 ರೂ. ಎಂದು ತೋರಿಸಿದಿರಿ. ಎರಡು ವರ್ಷಕ್ಕೆ 4,776. ಕಾರ್ಡ್ ನಂಬರ್ ಹಾಕಿದ ಮೇಲೆ ಕೊನೆ ಪುಟದಲ್ಲಿ 18 ಪರ್ಸೆಂಟ್ ತೆರಿಗೆ ಸೇರಿ 5,635 ರೂ. 68 ಪೈಸೆ ಆಯಿತು. ತೆರಿಗೆ ಕಟ್ಟಲು ನನ್ನ ತಕರಾರಿಲ್ಲ, ಹೊರದೇಶದಿಂದ ಆನ್‌ಲೈನ್ ಸೇವೆ ಮಾರುವವರೂ ಇಲ್ಲಿ ನೋಂದಣಿ ಮಾಡಿಸಿ ಐಜಿಎಸ್‌ಟಿ ಕಟ್ಟಬೇಕು. ಆದರೆ ನಿಮ್ಮ ಬಿಲ್‌ನಲ್ಲಿ ಜಿಎಸ್‌ಟಿ ನೋಂದಣಿ ಸಂಖ್ಯೆಯೇ ಇಲ್ಲ. ನನ್ನಿಂದ ತೆಗೆದುಕೊಂಡ 859 ರೂ. 68 ಪೈಸೆ ಎಲ್ಲಿಗೆ ಹೋಯಿತು? ಬೇರೆ ಯಾರಾದರೂ ಬಿಡುತ್ತಿದ್ದರೇನೋ, ನಾನು ಬಿಡುವುದಿಲ್ಲ.

"ಆಫರ್ ಮುಗಿಯಲು 14 ನಿಮಿಷ" ಎಂಬ ಗಡಿಯಾರ ಪುಟ ರಿಫ್ರೆಶ್ ಮಾಡಿದರೆ ಮತ್ತೆ 14ಕ್ಕೇ ಬರುತ್ತದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯಲ್ಲಿ 13 ಚಾಳಿಗಳ ಪಟ್ಟಿ ಇದೆ. ಸುಳ್ಳು ಅವಸರ ಹುಟ್ಟಿಸುವುದು, ಕೊನೆಯಲ್ಲಿ ಬೆಲೆ ಏರಿಸುವುದು, ಚಂದಾದಿಂದ ಹೊರಬರಲು ಬಿಡದಿರುವುದು, ಎಲ್ಲವೂ ಅದರಲ್ಲಿವೆ. ನಿಮ್ಮಲ್ಲಿಯೂ ಇವೆ. ಎರಡು ವರ್ಷ ಆದ ಮೇಲೆ ವರ್ಷಕ್ಕೆ 9,999 ರೂ. ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. 15,000ದ ಒಳಗೆ ಇರುವುದರಿಂದ ಒಟಿಪಿ ಇಲ್ಲದೆಯೇ ಕಾರ್ಡ್‌ನಿಂದ ಹೋಗುತ್ತದೆ. ಆ ಆಟೊ ಪೇ ಅನುಮತಿಯನ್ನು ನಾನು ಬ್ಯಾಂಕ್ ಕಡೆಯಿಂದಲೇ ರದ್ದು ಮಾಡಿಸಿದ್ದೇನೆ.

30 ದಿನದ ಒಳಗೇ ಹಣ ವಾಪಸ್ ಕೇಳಿದ್ದೇನೆ. ಪ್ರತಿ ಸಲವೂ "ಇನ್ನೂ ಮೂರು ತಿಂಗಳು ಫ್ರೀ ಕೊಡುತ್ತೇವೆ, ಉಳಿಯಿರಿ" ಎನ್ನುತ್ತೀರಿ. ನನ್ನ ಓಡಾಟ ಬರೆದಿಡುವವರು ಅದನ್ನು ಮೂರು ತಿಂಗಳು ಜಾಸ್ತಿ ಬರೆದಿಟ್ಟರೆ ನನಗೇನು ಲಾಭ?

ಹಾಗಾಗಿ ನನ್ನ ಬೇಡಿಕೆ ಇಷ್ಟು. ತೆರಿಗೆ ಸೇರಿ ಪೂರ್ತಿ ಹಣ ಅದೇ ಕಾರ್ಡಿಗೆ ವಾಪಸ್ ಬರಬೇಕು. ನನ್ನ ಬಗ್ಗೆ ನಿಮ್ಮಲ್ಲಿ ಏನೇನಿದೆ ಎಂಬ ಪ್ರತಿ ಕೊಟ್ಟು, ಆಮೇಲೆ ಅಳಿಸಿ, ಕಾನೂನಿನ ಕಾರಣಕ್ಕೆ ಅಳಿಸಲಾಗದ್ದು ಇದ್ದರೆ ಯಾವುದು, ಎಷ್ಟು ಕಾಲ ಎಂದು ಬರೆದು ಕೊಡಬೇಕು. "ಯಾವ ಲಾಗ್ ಕೂಡ ಇಡುವುದಿಲ್ಲ" ಎಂಬ ಸಾಲನ್ನು ಮೊದಲ ಪುಟದಿಂದ ತೆಗೆಯಬೇಕು. ಇ-ಕಾಮರ್ಸ್ ನಿಯಮ 2020ರ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನು ಇರುವ ಊರಲ್ಲೇ ಕೇಸ್ ಹಾಕಬಹುದು, ನಿಮ್ಮ ದ್ವೀಪದವರೆಗೆ ಬರಬೇಕಿಲ್ಲ.

ಉತ್ತರವನ್ನು ಇಮೇಲ್‌ನಲ್ಲಿ, ಜವಾಬ್ದಾರಿ ಇರುವವರ ಹೆಸರು ಹುದ್ದೆ ಹಾಕಿ ಕಳಿಸಿ. ಚಾಟ್‌ಗೆ ನಾನು ಮತ್ತೆ ಬರುವುದಿಲ್ಲ.

ಇತಿ,
ನಿಮ್ಮ ಗ್ರಾಹಕಿ

ಲಗತ್ತು: 9:42ರ ಉತ್ತರ ಇರುವ ಚಾಟ್‌ನ ಸ್ಕ್ರೀನ್‌ಶಾಟ್, ಮುಂಬೈ ಸರ್ವರ್ ಬಗ್ಗೆ ನಿಮ್ಮವರು ಬರೆದ ಇಮೇಲ್, ನೋಂದಣಿ ಸಂಖ್ಯೆ ಇಲ್ಲದ ಬಿಲ್, ಹಣ ವಾಪಸ್ ಕೇಳಿದ ಮನವಿಗಳ ಪ್ರತಿ.