ತಲೆಪೆಟ್ಟು: ಸ್ಕ್ಯಾನ್ ನಾರ್ಮಲ್ ಅಂದ ಮಾತ್ರಕ್ಕೆ ಮರೆಯಬೇಡಿ

ಮಾನ್ಯ ಸಂಪಾದಕರೇ,

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬೈಕಿನಲ್ಲಿ ಬರುವ ರೈತರಿರಲಿ, ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೋಗುವವರಿರಲಿ, ತಲೆ ಮೇಲೆ ಹೆಲ್ಮೆಟ್ ಕಾಣುವುದೇ ಅಪರೂಪ. ‘ಇಲ್ಲೇ ಹತ್ತಿರ ಅಲ್ವಾ’ ಅನ್ನುತ್ತಾರೆ. ಬಿದ್ದರೆ ಆಸ್ಪತ್ರೆಗೆ ಓಡುತ್ತೇವೆ. ಸ್ಕ್ಯಾನ್ ‘ನಾರ್ಮಲ್’ ಅಂದರೆ ದೇವರಿಗೊಂದು ಕಾಯಿ ಒಡೆದು, ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೇವೆ. ಎಲ್ಲರಿಗೂ ಅಲ್ಲಿಗೇ ಮುಗಿಯುವುದಿಲ್ಲ.

ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ, ಮೂಳೆ ಮುರಿತ ಕಾಣುತ್ತದೆ. ಮಿದುಳು ಒಳಗೇ ಅಲುಗಾಡಿ ಆದ ಪೆಟ್ಟು ಎಷ್ಟೋ ಸಲ ಕಾಣುವುದಿಲ್ಲ. ಅಮೆರಿಕದ 3 ಲಕ್ಷಕ್ಕೂ ಹೆಚ್ಚು ಮಾಜಿ ಸೈನಿಕರ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ತಲೆಗೆ ಸಣ್ಣ ಪೆಟ್ಟು ಬಿದ್ದವರಲ್ಲೂ ಪಾರ್ಕಿನ್ಸನ್ (ಕೈ ನಡುಗುವ, ನಡಿಗೆ ನಿಧಾನವಾಗುವ ಮಿದುಳಿನ ಕಾಯಿಲೆ) ಬರುವ ಸಾಧ್ಯತೆ, ಪೆಟ್ಟು ಬೀಳದವರಿಗಿಂತ ಶೇ 56ರಷ್ಟು ಜಾಸ್ತಿ ಇತ್ತು. ಜೋರಾದ ಪೆಟ್ಟು ಬಿದ್ದವರಲ್ಲಿ ಶೇ 83ರಷ್ಟು ಜಾಸ್ತಿ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2020ರಲ್ಲಿ ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ ಅಂಶಗಳ ಪಟ್ಟಿಗೆ ತಲೆಪೆಟ್ಟನ್ನೂ ಸೇರಿಸಿತು.

ಇದರಿಂದ ಯಾರೂ ಗಾಬರಿಯಾಗಬೇಕಿಲ್ಲ. ಪೆಟ್ಟು ಬಿದ್ದವರಲ್ಲಿ ಬಹುತೇಕರಿಗೆ ಈ ಕಾಯಿಲೆಗಳು ಬರುವುದೇ ಇಲ್ಲ. ಕೆಲವರಿಗೆ ಕಾಯಿಲೆಯೇ ಮೊದಲು ಶುರುವಾಗಿ, ಹೆಜ್ಜೆ ತಪ್ಪಿ, ಅದರಿಂದಲೇ ಬಿದ್ದಿರಲೂಬಹುದು. ನಮ್ಮ ದೊಡ್ಡಪ್ಪ ಹಿಂದೊಮ್ಮೆ ಟಿವಿಎಸ್‌ನಿಂದ ಬಿದ್ದು ಪ್ರಜ್ಞೆ ತಪ್ಪಿದ್ದರು. ವರ್ಷಗಳಾದ ಮೇಲೆ, ಸುಮ್ನೆ ಕೂತಿದ್ದಾಗ ಬಲಗೈ ನಡುಗತೊಡಗಿತು. ಹೆಜ್ಜೆ ಚಿಕ್ಕದಾಯಿತು, ಸಹಿಯೂ ಚಿಕ್ಕದಾಯಿತು. ಊರಲ್ಲಿ ಎಲ್ಲರದೂ ಒಂದೇ ಮಾತು: ‘ಅರವತ್ತಕ್ಕೆ ಅರಳು ಮರಳು’. ಕೊನೆಗೆ ನರರೋಗದ ಡಾಕ್ಟರು ಪಾರ್ಕಿನ್ಸನ್ ಅಂದರು. ಮಾತ್ರೆ ಶುರುವಾದ ಮೇಲೆ ಅಂಗಿಯ ಗುಂಡಿ ತಾವೇ ಹಾಕಿಕೊಂಡರು. ಆವತ್ತಿನ ಬೀಳುವಿಕೆಯೇ ಕಾರಣ ಎಂದು ನಾನು ಹೇಳುವುದಿಲ್ಲ, ಯಾವ ಡಾಕ್ಟರೂ ಹಾಗೆ ಬೆರಳು ಮಾಡಿ ಹೇಳಲಾರರು. ಆದರೆ ‘ಹಿಂದೆ ತಲೆಗೆ ಪೆಟ್ಟು ಬಿದ್ದಿತ್ತಾ?’ ಎಂದು ಕೇಳಿದಾಗ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ತುರ್ತಿನದು. ವಯಸ್ಸಾದವರು ಬಚ್ಚಲಲ್ಲಿ ಜಾರಿ ತಲೆಗೆ ಸ್ವಲ್ಪ ತಾಗಿಸಿಕೊಂಡರೂ, ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಜಿನುಗಿ ತುಂಬಿಕೊಳ್ಳಬಹುದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಈ ಅಪಾಯ ಜಾಸ್ತಿ. ಕೆಲವು ವಾರಗಳ ಮೇಲೆ ತಲೆನೋವು, ಮಂಕು, ಮರೆವು, ನಡಿಗೆಯಲ್ಲಿ ತೂರಾಟ ಶುರುವಾಗುತ್ತದೆ. ನೋಡುವವರಿಗೆ ವಯಸ್ಸಿನ ಮರೆವಿನಂತೆಯೇ ಕಾಣುತ್ತದೆ. ಆದರೆ ಇದು ವಾಸಿಯಾಗುವಂಥದ್ದು! ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ರಕ್ತ ತೆಗೆದರೆ ಎಷ್ಟೋ ಜನ ಮೊದಲಿನಂತಾಗುತ್ತಾರೆ. ಇಂಥವರನ್ನು ‘ವಯಸ್ಸಾಯ್ತು ಬಿಡಿ’ ಎಂದು ಮೂಲೆಯಲ್ಲಿ ಕೂರಿಸುವುದು ಎಂಥ ಅನ್ಯಾಯ.

ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಎಂಬ ಮಿದುಳಿನ ಆರೋಗ್ಯದ ಕಾರ್ಯಕ್ರಮ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಕಡೆಗಳಲ್ಲಿ ನಮ್ಮ ಚಿಕ್ಕಬಳ್ಳಾಪುರವೂ, ಪಕ್ಕದ ಕೋಲಾರವೂ ಇದ್ದವು. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವು ಅದರ ಗಮನದಲ್ಲಿವೆ. ಈ ಕಾರ್ಯಕ್ರಮದಡಿ ಚಿಕಿತ್ಸೆಗೆ ಬರುವ ಪ್ರತಿಯೊಬ್ಬರನ್ನೂ ಹಳೆಯ ತಲೆಪೆಟ್ಟಿನ ಬಗ್ಗೆ ಕೇಳಿ ಬರೆದಿಡಲಿ. ತಲೆಪೆಟ್ಟಿನಿಂದ ಬಂದವರನ್ನು ಮನೆಗೆ ಕಳಿಸುವಾಗ ಸರ್ಕಾರಿ, ಖಾಸಗಿ ಆಸ್ಪತ್ರೆಗಳು ಕನ್ನಡದಲ್ಲಿ ಒಂದು ಹಾಳೆ ಕೊಡಲಿ: ಪ್ರಜ್ಞೆ ತಪ್ಪಿತ್ತೇ, ಎಷ್ಟು ಹೊತ್ತು, ಮುಂದೆ ಏನು ಕಂಡರೆ ತಕ್ಷಣ ಬರಬೇಕು. ಆಶಾ ಕಾರ್ಯಕರ್ತೆಯರಿಗೂ ಅದೇ ಹಾಳೆ ಸಿಗಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಮನಸ್ಸು ಮಾಡಿದರೆ ಇದಕ್ಕೆ ಹೊಸ ಯೋಜನೆ, ದೊಡ್ಡ ಬಜೆಟ್ ಏನೂ ಬೇಕಾಗಿಲ್ಲ.

– ಒಬ್ಬ ಓದುಗ, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ