ಕೋಕೋದ ಗುಣವಿರುವುದು ಅದರ ಒಗರಿನಲ್ಲಿ

ಮಾನ್ಯರೇ,

ಕೋಕೋ ಹೃದಯಕ್ಕೆ ಒಳ್ಳೆಯದು, ತಿಂದರೆ ಕೊಲೆಸ್ಟರಾಲ್ ಇಳಿಯುತ್ತದೆ ಎಂಬ ಮಾತು ಈಚೆಗೆ ನಮ್ಮ ಪುತ್ತೂರು, ಸುಳ್ಯದ ಕಡೆ ಮದುವೆಯೂಟದ ಪಂಕ್ತಿಯಲ್ಲೂ ಕೇಳಿಬರುತ್ತಿದೆ. ಅಡಿಕೆ ಮರಗಳ ನಡುವೆ ಕೋಕೋ ಬೆಳೆದು ಹಸಿಬೀಜ ಮಾರುವ ನನಗೂ ಇದು ಹಿತವಾದ ಸುದ್ದಿಯೇ. ಆದರೆ ಚಾಕೊಲೇಟ್ ಪೊಟ್ಟಣ ಬಿಚ್ಚುವ ಮೊದಲು ಸ್ವಲ್ಪ ಯೋಚಿಸಬೇಕು.

ಹಣ್ಣಾದ ಕೋಕೋ ಕಾಯನ್ನು ಒಡೆದು, ಬಿಳಿ ಲೋಳೆಯನ್ನು ಚೀಪಿ, ಉಳಿದ ಬೀಜವನ್ನು ಕಚ್ಚಿ ನೋಡಿದವರಿಗೆ ಗೊತ್ತು: ಒಳಗೆ ನೇರಳೆ ಬಣ್ಣ, ಎಳೆ ಅಡಿಕೆಯನ್ನು ನೆನಪಿಸುವ ಕಹಿ, ಒಗರು. ಸಂಶೋಧಕರು ಹೊಗಳುವ, ಸಸ್ಯಗಳಲ್ಲಿ ಸಹಜವಾಗಿರುವ ರಾಸಾಯನಿಕಗಳಾದ ಫ್ಲೇವನಾಲ್‌ಗಳು ಇರುವುದು ಆ ಒಗರಿನಲ್ಲಿಯೇ. ರಕ್ತನಾಳಗಳ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚುವಂತೆ ಮಾಡಿ ನಾಳಗಳನ್ನು ಸಡಿಲಿಸುವುದು ಅವುಗಳ ಕೆಲಸ. ಆದರೆ ಬೀಜವನ್ನು ಐದಾರು ದಿನ ಹುಳಿಬರಿಸಿ, ಒಣಗಿಸಿ, ಹುರಿಯುವಾಗಲೇ ಅವುಗಳ ಒಂದು ಪಾಲು ಹೋಗಿರುತ್ತದೆ. ಪುಡಿಯ ಬಣ್ಣ ಕಪ್ಪಾಗಲಿ, ರುಚಿ ಮೆದುವಾಗಲಿ ಎಂದು ಕ್ಷಾರ ಬೆರೆಸಿದರಂತೂ ಉಳಿದದ್ದರಲ್ಲೂ ಬಹುಪಾಲು ನಾಶ. ಒಗರು ತೆಗೆದು, ಹಾಲು ಸಕ್ಕರೆ ಸುರಿದು, ಗುಣ ಮಾತ್ರ ಹಾಗೇ ಉಳಿಯಲಿ ಎಂದರೆ ಹೇಗೆ?

ಅಮೆರಿಕದಲ್ಲಿ 21,442 ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಕಾಸ್ಮಾಸ್ ಅಧ್ಯಯನದಲ್ಲಿ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ ಪಡೆದವರಲ್ಲಿ ಹೃದ್ರೋಗದ ಸಾವು ಶೇ 27ರಷ್ಟು ಕಡಿಮೆಯಿತ್ತು. ಆದರೆ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಎಲ್ಲವನ್ನೂ ಸೇರಿಸಿ ನೋಡಿದ ಮುಖ್ಯ ಲೆಕ್ಕದಲ್ಲಿ ಕಂಡ ಶೇ 10ರ ಇಳಿಕೆ ಆಕಸ್ಮಿಕವಲ್ಲವೆಂದು ಹೇಳುವಷ್ಟು ಗಟ್ಟಿಯಾಗಿರಲಿಲ್ಲ. ಕೊಟ್ಟದ್ದು ಕೋಕೋ ಸಾರದ ಮಾತ್ರೆ, ಚಾಕೊಲೇಟ್ ಅಲ್ಲ. ಖರ್ಚಿನಲ್ಲಿ ಚಾಕೊಲೇಟ್ ತಯಾರಿಸುವ ಮಾರ್ಸ್ ಕಂಪನಿಯ ಪಾಲೂ ಇತ್ತು ಎಂಬುದನ್ನು ಮರೆಯಬಾರದು. ರಕ್ತದೊತ್ತಡದ ಮಟ್ಟಿಗೆ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 35 ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮಾಡಿದ ವಿಮರ್ಶೆ ಕಂಡದ್ದು ಪಾದರಸದ ಅಳತೆಯಲ್ಲಿ ಎರಡು ಮಿಲಿಮೀಟರಿಗೂ ಕಡಿಮೆ ಇಳಿಕೆ.

ಕೊಲೆಸ್ಟರಾಲ್ ವಿಚಾರವೂ ಹೀಗೆಯೇ. ಕೋಕೋ ಬೆಣ್ಣೆಯ, ಅಂದರೆ ಬೀಜದ ಕೊಬ್ಬಿನ, ಮೂರನೇ ಒಂದು ಭಾಗದಷ್ಟಿರುವ ಸ್ಟಿಯರಿಕ್ ಆಮ್ಲವೆಂಬ ಕೊಬ್ಬಿನಾಮ್ಲ ಕೆಟ್ಟ ಕೊಲೆಸ್ಟರಾಲನ್ನು ಅಷ್ಟಾಗಿ ಏರಿಸುವುದಿಲ್ಲ, ನಿಜ. ಆದರೆ ಅಗ್ಗದ ತಿನಿಸುಗಳ ಚಾಕೊಲೇಟ್ ಲೇಪದಲ್ಲಿ ಕೋಕೋ ಬೆಣ್ಣೆಯ ಜಾಗದಲ್ಲಿ ಹೆಚ್ಚಾಗಿ ಇರುವುದು ತಾಳೆಬೀಜದ ಎಣ್ಣೆಯಂಥ ಕೊಬ್ಬು; ಅದು ಏರಿಸುತ್ತದೆ. ನನ್ನ ಪರಿಚಯದ ಹಿರಿಯರೊಬ್ಬರು ದಿನಾ ಕಪ್ಪು ಚಾಕೊಲೇಟ್ ತಿನ್ನುತ್ತೇನೆಂದು ವೈದ್ಯರನ್ನು ಕೇಳದೆ ಕೊಲೆಸ್ಟರಾಲ್ ಮಾತ್ರೆ ನಿಲ್ಲಿಸಿದ್ದರು. ಮನೆಯವರಿಗೆ ತಿಳಿದದ್ದು ನಾಲ್ಕು ತಿಂಗಳ ನಂತರ.

ಕೆಲವು ಪೊಟ್ಟಣಗಳ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 501 ಎಂಬ ಸಂಖ್ಯೆ ಇರುತ್ತದೆ. ಅದು ಪೊಟ್ಯಾಷಿಯಂ ಕಾರ್ಬೊನೇಟ್, ಅಂದರೆ ನಾನು ಹೇಳಿದ ಕ್ಷಾರ. ಇದನ್ನು ಒಗಟಿನಂತೆ ಬಿಡಿಸುವ ಕಷ್ಟ ಗ್ರಾಹಕನಿಗೇಕೆ? ಕೋಕೋ ಪುಡಿಗೆ ಕ್ಷಾರ ಬೆರೆಸಿದೆಯೇ, ಫ್ಲೇವನಾಲ್ ಎಷ್ಟು ಉಳಿದಿದೆ ಎಂಬುದನ್ನು ಪೊಟ್ಟಣದ ಮುಂಭಾಗದಲ್ಲೇ ಕನ್ನಡದಲ್ಲಿ ನಮೂದಿಸುವಂತೆ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಲಿ. 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿರುವ, ಬೆಳೆಗಾರರದೇ ಆದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇದರಲ್ಲಿ ಮೇಲ್ಪಂಕ್ತಿ ಹಾಕಿದರೆ ನಮ್ಮಂಥವರಿಗೆ ಸಂತೋಷ.

— ಒಬ್ಬ ಕೋಕೋ ಬೆಳೆಗಾರ, ಪುತ್ತೂರು ತಾಲ್ಲೂಕು